ಓದುಗರ ಪ್ರಶ್ನೆಗೆ ಉತ್ತರ: ಯಾವ ಉದ್ಯಮಕ್ಕೆ ಯಾವ ಕ್ಯಾಡ್?

ಪ್ರಶ್ನೆ: ನನ್ನ ಮಗ ಕಲಬುರಗಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸುವ ಹಂತದಲ್ಲಿದ್ದಾನೆ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ರೆವಿಟ್, ಸ್ಟಾಡ್ ಪ್ರೊ ಈ ಐದನ್ನೂ ಆರು ತಿಂಗಳಲ್ಲಿ ಕಲಿಸುವುದಾಗಿ ತರಬೇತಿ ಕೇಂದ್ರವೊಂದು ಹೇಳುತ್ತಿದೆ. ಎಲ್ಲವೂ ನಕ್ಷೆ ಬರೆಯುವ ಸಾಫ್ಟ್‌ವೇರ್‌ಗಳೇ ಆಗಿದ್ದರೆ ಇಷ್ಟೊಂದು ಏಕೆ? ಅವನಿಗೆ ಯಾವುದು ಉಪಯುಕ್ತ?
– ಓದುಗರೊಬ್ಬರು, ಸೇಡಂ

ಉತ್ತರ: ಈ ಐದರಲ್ಲಿ ಸ್ಟಾಡ್ ಪ್ರೊ ಮೂಲತಃ ನಕ್ಷೆ ಬರೆಯುವ ಸಾಫ್ಟ್‌ವೇರ್, ಅಂದರೆ ಕ್ಯಾಡ್, ಅಲ್ಲ, ಕಟ್ಟಡದ ಕಂಬ, ತೊಲೆಗಳು ಎಷ್ಟು ಭಾರ ತಾಳುತ್ತವೆಂದು ಲೆಕ್ಕ ಹಾಕುವಂಥದ್ದು. ರೆವಿಟ್ ಮುಖ್ಯವಾಗಿ ಕಟ್ಟಡ ಕ್ಷೇತ್ರದ್ದು. ಅಲ್ಲಿ ಗೋಡೆಯೆಂದರೆ ಎರಡು ಗೆರೆಗಳಲ್ಲ, ದಪ್ಪ, ಎತ್ತರ, ಸಾಮಗ್ರಿಗಳ ವಿವರವನ್ನು ಹೊತ್ತ ಒಂದು ವಸ್ತು. ಗೋಡೆಯನ್ನು ಸರಿಸಿದರೆ ಅದರೊಳಗಿನ ಕಿಟಕಿಯೂ ಸರಿಯುತ್ತದೆ, ಕೋಣೆಯ ವಿಸ್ತೀರ್ಣದ ಪಟ್ಟಿಯೂ ಬದಲಾಗುತ್ತದೆ. ಮೆಕ್ಯಾನಿಕಲ್ ಓದಿದ ಹುಡುಗನಿಗೆ ಸದ್ಯಕ್ಕೆ ಈ ಎರಡೂ ಬೇಡ. ಪ್ರಮಾಣಪತ್ರದಲ್ಲಿ ಹೆಸರುಗಳ ಸಾಲು ಉದ್ದವಾಗಲೆಂದೇ ಇಂಥ ಕೋರ್ಸುಗಳನ್ನು ಹೊಲಿಯುತ್ತಾರೆಂಬುದು ನನ್ನ ಅನಿಸಿಕೆ.

ಉಳಿದ ಮೂರರ ವ್ಯತ್ಯಾಸವನ್ನು ಒಂದು ಬಿಡಿಭಾಗದಿಂದಲೇ ನೋಡೋಣ. ನಿಮ್ಮ ಭಾಗದ ಸಿಮೆಂಟ್ ಕಾರ್ಖಾನೆಯ ಕನ್ವೇಯರ್‌ಗೆ ಒಂದು ಕಪ್ಲಿಂಗ್ (ತಿರುಗುವ ಎರಡು ದಂಡಗಳನ್ನು, ಅಂದರೆ ಶಾಫ್ಟ್‌ಗಳನ್ನು, ಜೋಡಿಸುವ ಭಾಗ) ಬೇಕಾಗಿದೆ, ಅದರ ರಂಧ್ರ 50 ಮಿ.ಮೀ. ಎಂದಿಟ್ಟುಕೊಳ್ಳಿ. ನಕ್ಷೆ ಮುಗಿದ ಮೇಲೆ ಶಾಫ್ಟ್ 60 ಮಿ.ಮೀ. ಆಗಲಿದೆ ಎಂಬ ಸುದ್ದಿ ಬರುತ್ತದೆ. 1982ರಲ್ಲಿ ಬಂದ ಆಟೋಕ್ಯಾಡ್‌ನಲ್ಲಿ ಸಾಮಾನ್ಯವಾಗಿ ಬರೆಯುವ ನಕ್ಷೆ ಗೆರೆಗಳ ಸಮೂಹವಾದ್ದರಿಂದ, ಮುಂದಿನ ನೋಟ, ಪಕ್ಕದ ನೋಟ, ಛೇದನೋಟ ಮೂರನ್ನೂ ಪ್ರತ್ಯೇಕವಾಗಿ ತಿದ್ದಬೇಕು. ಒಂದನ್ನು ಮರೆತರೆ ಹಾಳೆ ತನ್ನನ್ನೇ ಅಲ್ಲಗಳೆಯುತ್ತದೆ. 1995ರಲ್ಲಿ ಮಾರುಕಟ್ಟೆಗೆ ಬಂದ ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲು ಘನರೂಪವನ್ನೇ ಕಟ್ಟುವುದರಿಂದ ಒಂದು ಅಂಕಿಯನ್ನು ಬದಲಿಸಿದರೆ ಎಲ್ಲ ನೋಟಗಳೂ ಅದನ್ನು ಅನುಸರಿಸುತ್ತವೆ.

ಆದರೂ ಇಲ್ಲೊಂದು ಅಪಾಯವಿದೆ. 50ರ ಶಾಫ್ಟಿಗೆ ಕೀ-ವೇ (ಶಾಫ್ಟ್ ಜಾರದಂತೆ ಕೀಲಿ ಕೂರಿಸುವ ಗಾಡಿ) ಅಗಲ 14 ಮಿ.ಮೀ., 60ರದಕ್ಕೆ 18; ಎಚ್7 ದರ್ಜೆಯಲ್ಲಿ ರಂಧ್ರ ಹೆಚ್ಚಾಗಿರಬಹುದಾದ ಮಿತಿ 50ಕ್ಕೆ 0.025 ಮಿ.ಮೀ., 60ಕ್ಕೆ 0.030. ಈ ಸಂಬಂಧಗಳನ್ನು ಮಾಡೆಲಿನಲ್ಲಿ ಮೊದಲೇ ಹೆಣೆದಿರದಿದ್ದರೆ ರಂಧ್ರ ಹಿಗ್ಗುತ್ತದೆ, ಕೀ-ವೇ ಮಾತ್ರ ಹಳೆಯದೇ ಉಳಿಯುತ್ತದೆ, ಪರದೆಯ ಮೇಲೆ ಎಲ್ಲವೂ ಸೊಗಸಾಗಿಯೇ ಕಾಣುತ್ತದೆ. ಫಿಟ್ ಮತ್ತು ಟಾಲರೆನ್ಸ್ (ಭಾಗಗಳು ಎಷ್ಟು ಬಿಗಿಯಾಗಿ ಕೂಡಬೇಕು, ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬುದು) ಗೊತ್ತಿರುವ ಹುಡುಗ ಅದನ್ನು ಹಿಡಿಯುತ್ತಾನೆ; ಆಜ್ಞೆಗಳನ್ನಷ್ಟೇ ಕಲಿತವನು ಹಿಡಿಯಲಾರ.

ಕ್ಯಾಟಿಯಾ ಫ್ರಾನ್ಸಿನ ವಿಮಾನ ಕಾರ್ಖಾನೆಯಲ್ಲಿ, 1970ರ ದಶಕದ ಕೊನೆಯಲ್ಲಿ, ಹುಟ್ಟಿದ್ದು. ರೆಕ್ಕೆ, ಕಾರಿನ ಬಾನೆಟ್ ಮುಂತಾದ ಬಾಗಿದ ಮೇಲ್ಮೈಗಳಲ್ಲಿ ಅದರ ಕೈ ಪಳಗಿದೆ; 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ವಿನ್ಯಾಸವಾದದ್ದು ಅದರಲ್ಲಿಯೇ. ದೊಡ್ಡ ಕಂಪನಿ ಯಾವುದನ್ನು ಬಳಸುತ್ತದೋ ಅದಕ್ಕೆ ಬಿಡಿಭಾಗ ಪೂರೈಸುವವರೂ ಅದರತ್ತಲೇ ವಾಲುತ್ತಾರೆ. ಆದ್ದರಿಂದ ನಿಮ್ಮ ಮಗ ಪುಣೆ, ಬೆಂಗಳೂರುಗಳ ವಾಹನ ಅಥವಾ ವಿಮಾನ ಕ್ಷೇತ್ರಕ್ಕೆ ಹೋಗಬಯಸಿದರೆ ಕ್ಯಾಟಿಯಾ ಅಥವಾ ಸೀಮೆನ್ಸ್‌ನ ಎನ್‌ಎಕ್ಸ್ ಕಲಿಯಲಿ. ಜಿಗ್, ಫಿಕ್ಸ್ಚರ್ (ಕೆಲಸದ ತುಂಡನ್ನು ಹಿಡಿದಿಡುವ ಸಾಧನಗಳು), ಯಂತ್ರದ ಬಿಡಿಭಾಗಗಳ ಕೆಲಸವಾದರೆ ಸಾಲಿಡ್‌ವರ್ಕ್ಸ್ ಸಾಕು. ಒಂದರಲ್ಲಿ ಪಳಗಿದವನಿಗೆ ಇನ್ನೊಂದಕ್ಕೆ ಹೊಂದಿಕೊಳ್ಳುವುದು ಕಷ್ಟವೇನಲ್ಲ, ಏಕೆಂದರೆ ಸ್ಕೆಚ್ ಬರೆದು ಅದಕ್ಕೆ ಘನರೂಪ ಕೊಡುವ ಕ್ರಮ ಎಲ್ಲೆಡೆ ಬಹುತೇಕ ಒಂದೇ. ಆಟೋಕ್ಯಾಡ್ ಅಂತೂ ಎಲ್ಲರಿಗೂ ಬೇಕು.

ಪ್ರಶ್ನೆ: ಬೀದರಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೈದರಾಬಾದಿನ ಗ್ರಾಹಕರು ಕಳಿಸುವ ಕಡತಗಳು ನಮ್ಮ ಹಳೆಯ ಆವೃತ್ತಿಯ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ. ಹೊಸದನ್ನು ಕೊಳ್ಳದೆ ಬೇರೆ ದಾರಿ ಇದೆಯೇ?
– ವರ್ಕ್‌ಶಾಪ್ ಮಾಲೀಕರು, ಬೀದರ್

ಉತ್ತರ: ಇದೆ. ಸ್ಟೆಪ್ ಕಡತ ಮತ್ತು ಅಳತೆ ನಮೂದಿಸಿದ ಪಿಡಿಎಫ್ ಎರಡನ್ನೂ ಕಳಿಸುವಂತೆ ಗ್ರಾಹಕರನ್ನು ಕೇಳಿ. ಸ್ಟೆಪ್ ಎಂಬುದು ಐಎಸ್ಒ 10303 ಮಾನಕದ ನಮೂನೆ. ಯಾವ ಕಂಪನಿಯ ಸೊತ್ತೂ ಅಲ್ಲದ ಕಾರಣ ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿಯೂ ತೆರೆಯುತ್ತದೆ. ಆದರೆ ಅದರಲ್ಲಿ ಬರುವುದು ಆಕಾರ ಮಾತ್ರ, ಯಾವ ಹಂತದ ಮೇಲೆ ಯಾವ ಹಂತ ಕಟ್ಟಲಾಯಿತು ಎಂಬ ಇತಿಹಾಸ ಬರುವುದಿಲ್ಲ. ಟಾಲರೆನ್ಸ್, ಥ್ರೆಡ್‌ಗಳ ವಿವರವೂ ಅನೇಕ ಬಾರಿ ಬಿಟ್ಟುಹೋಗುವುದರಿಂದ ಪಿಡಿಎಫ್ ಜೊತೆಗಿರಲೇಬೇಕು.

ಈ ತೊಂದರೆ ನಿಮ್ಮೊಬ್ಬರದೇ ಎಂದು ಬೇಸರಿಸಬೇಡಿ. ಏರ್‌ಬಸ್ ಎ380 ವಿಮಾನದ ಕೆಲಸದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನವರು ಕ್ಯಾಟಿಯಾದ ನಾಲ್ಕನೆಯ ಆವೃತ್ತಿಯನ್ನೂ ಫ್ರಾನ್ಸಿನ ಟುಲೂಸ್‌ನವರು ಐದನೆಯದನ್ನೂ ಬಳಸುತ್ತಿದ್ದರು. ಜೋಡಣೆಯ ಹೊತ್ತಿಗೆ, ವಿಮಾನದೊಳಗಿನ 500 ಕಿ.ಮೀ.ಗೂ ಮೀರಿದ ವೈರಿಂಗ್‌ನಲ್ಲಿ ಹಲವು ಕಟ್ಟುಗಳು ತಮ್ಮ ಜಾಗಕ್ಕೆ ಎಟುಕಲಿಲ್ಲ. ವಿಮಾನಗಳ ಹಸ್ತಾಂತರ ತಡವಾಗುವುದೆಂದು 2006ರಲ್ಲಿ ಮತ್ತೆ ಮತ್ತೆ ಪ್ರಕಟಿಸಬೇಕಾಯಿತು.

ಗ್ರಾಹಕರು ಅಮೆರಿಕದ ನಕ್ಷೆ ಕೊಟ್ಟರೆ ಪ್ರೊಜೆಕ್ಷನ್ ಚಿಹ್ನೆಯನ್ನು ಮೊದಲು ನೋಡಿಕೊಳ್ಳಿ. ಅವರದು ಥರ್ಡ್ ಆ್ಯಂಗಲ್ (ಎಡದಿಂದ ಕಂಡ ನೋಟವನ್ನು ಎಡಕ್ಕೇ ಬರೆಯುವ ಕ್ರಮ), ನಮ್ಮಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್ (ಅದನ್ನು ಬಲಕ್ಕೆ ಬರೆಯುವ ಕ್ರಮ). ತಪ್ಪಾಗಿ ಓದಿದರೆ ಎಡದ ರಂಧ್ರ ಬಲಕ್ಕೆ ಬಿದ್ದು ಇಡೀ ಲಾಟು ಗುಜರಿಗೆ ಹೋಗುತ್ತದೆ.

ಪ್ರಶ್ನೆ: ಕಡೇಚೂರಿನ ಔಷಧ ಮತ್ತು ರಾಸಾಯನಿಕ ಘಟಕಗಳಲ್ಲಿ ಕೆಲಸ ಹುಡುಕುವವರು ಯಾವ ಕ್ಯಾಡ್ ಕಲಿಯಬೇಕು?
– ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಇಂಥ ಘಟಕಗಳಲ್ಲಿ ಪೈಪು, ವಾಲ್ವು, ಪಂಪುಗಳ ಜೋಡಣೆಯನ್ನು ತೋರಿಸುವ ಪಿ ಅಂಡ್ ಐಡಿ ನಕ್ಷೆಯೇ ಮುಖ್ಯ. ಅದರ ಚಿಹ್ನೆಗಳನ್ನು ಓದಲು ಮೊದಲು ಕಲಿತು, ಆಮೇಲೆ ಆಟೋಕ್ಯಾಡ್ ಪ್ಲಾಂಟ್ 3ಡಿ ಹಿಡಿಯಿರಿ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿಯು ಅರ್ಹ ವಿದ್ಯಾರ್ಥಿಗಳಿಗೆ ತನ್ನ ಸಾಫ್ಟ್‌ವೇರ್‌ಗಳನ್ನು ಒಂದು ವರ್ಷದ ಪರವಾನಗಿಯ ಮೇಲೆ ಉಚಿತವಾಗಿ ಕೊಡುತ್ತದೆ, ಓದು ಮುಗಿಯುವವರೆಗೆ ಅದನ್ನು ನವೀಕರಿಸಬಹುದು. ಕಾಲೇಜಿನ ಗುರುತಿನ ಚೀಟಿ ಕೈಯಲ್ಲಿರುವಾಗಲೇ ಅರ್ಜಿ ಹಾಕಿರಿ.