ಆಟದ ಪಿರಿಯಡ್ ಬಂದರೆ ಹೊಟ್ಟೆನೋವು

ಪ್ರಶ್ನೆ: ಮಗಳು ಆರನೇ ತರಗತಿಯಲ್ಲಿದ್ದಾಳೆ. ಆಟದ ಪಿರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎನ್ನುತ್ತಾಳೆ. ತಂಡ ಕಟ್ಟುವಾಗ ಅವಳನ್ನು ಕಟ್ಟಕಡೆಗೆ ಕರೆಯುತ್ತಾರಂತೆ. ಬೇಗ ಔಟಾದರೆ ನಗುತ್ತಾರಂತೆ. ಬಲವಂತ ಮಾಡಲೇ, ಬಿಟ್ಟುಬಿಡಲೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಎರಡೂ ಬೇಡ ತಾಯಿ. ಸುಳ್ಳು ಹೇಳುತ್ತಾಳೆಂದು ಗದರಲೂಬೇಡಿ. ಹೆದರಿದಾಗ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ರಜೆಯ ದಿನವೂ ನೋವಿದ್ದರೆ, ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ವೈದ್ಯರಿಗೆ ತೋರಿಸಿ.

ನನ್ನನ್ನು ಕಾಡುವುದು ನಾವು ಆಟ ಆಡಿಸುವ ರೀತಿ. ಔಟಾದವರು ಹೊರಗೆ ಕೂರಬೇಕಾದ ಆಟಗಳಲ್ಲಿ ಮೊದಲು ಹೊರಬೀಳುವುದು ಓಟ ಕಲಿಯಬೇಕಾದ ಮಗುವೇ. ಚೆನ್ನಾಗಿ ಓಡುವವರು ಇನ್ನಷ್ಟು ಓಡುತ್ತಾರೆ, ಇವಳು ನೋಡುತ್ತಾ ಕೂರುತ್ತಾಳೆ. ಲೆಕ್ಕ ತಪ್ಪಿದವರನ್ನು ಗಣಿತದ ತರಗತಿಯಿಂದ ಯಾರಾದರೂ ಆಚೆ ಕಳಿಸುತ್ತಾರೆಯೇ? ದೈಹಿಕ ಶಿಕ್ಷಣದ ಶಿಕ್ಷಕರನ್ನು ಒಮ್ಮೆ ಕಂಡು, ದೂರುವ ದನಿಯಿಲ್ಲದೆ ಎರಡು ಮಾತು ಕೇಳಿ. ನಾಯಕರು ಆರಿಸುವ ಬದಲು ‘ಒಂದು, ಎರಡು’ ಎಂದು ಎಣಿಸಿ ತಂಡ ಮಾಡಬಹುದೇ? ಔಟಾದವರು ಹತ್ತು ಸಲ ಹಗ್ಗ ಜಿಗಿದು ಮತ್ತೆ ಆಟಕ್ಕೆ ಸೇರಬಹುದೇ?

ಮನೆಯ ಬಳಿ, ಯಾರೂ ನೋಡದ ಕಡೆ, ಒಂದೇ ಒಂದು ಪಟ್ಟು ಕಲಿಸಿ. ಖೋ ಖೋ ಆದರೆ, ಕುಕ್ಕರಗಾಲಿನಲ್ಲಿ ಕುಳಿತು, ಬೆನ್ನು ಮುಟ್ಟಿದೊಡನೆ ಎದ್ದು ಹತ್ತು ಹೆಜ್ಜೆ ಓಡುವುದು. ‘ಭೇಷ್’ ಎನ್ನುವುದಕ್ಕಿಂತ ‘ಇವತ್ತು ಕೈ ಊರದೆ ಎದ್ದೆ’ ಎನ್ನಿ. ತಾನು ಎಲ್ಲಿ ಸುಧಾರಿಸಿದೆ ಎಂಬುದು ಅವಳಿಗೆ ತಿಳಿಯಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಬಿ. ಚೈತ್ರಾ ಇದ್ದರೆಂದು ಅವಳಿಗೆ ಖಂಡಿತ ಹೇಳಿ. ಆದರೆ ‘ನೀನೂ ಹಾಗಾಗಬೇಕು’ ಎಂದು ಸೇರಿಸಬೇಡಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದ ಒಂದೆರಡು ಪಿರಿಯಡ್‌ಗಳಿಂದ ಅದು ತುಂಬುವುದಿಲ್ಲ. ಸೈಕಲ್, ಕುಂಟೆಬಿಲ್ಲೆ, ಲಗೋರಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ನೀವೂ ಜೊತೆಯಾಗಿ. ಮೊದಲ ವಾರ ನೂರು ಮೆಟ್ಟಿಲು ಹತ್ತಿ ಇಳಿದರೆ ಸಾಕು, ನಂದಿಯನ್ನು ಮುಟ್ಟುವುದು ಯಾವಾಗ ಎಂದು ಅವಳೇ ತೀರ್ಮಾನಿಸಲಿ.

ಬೆಳಗಿನ ಹೊಟ್ಟೆನೋವು ಒಂದು ವಾರಕ್ಕೆ ಹೋಗುವುದಿಲ್ಲ. ದಸರಾ ರಜೆ ಮುಗಿಯುವವರೆಗಾದರೂ ಕಾಲ ಕೊಡಿ.