ಮುಗಿಯದ ಮಡಿ: ಶಿರಸಿ ಕಡೆಯ ಒಂದು ಪ್ರಕರಣ

ಆಪ್ತಸಲಹೆಗಾರ್ತಿಯಾಗಿ ನಾನು ಕಂಡ ಒಬ್ಬರ ಕಥೆ ಇದು. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರದ್ದೂ ಮನೆಯವರದ್ದೂ ಒಪ್ಪಿಗೆ ಇದೆ. ಹೆಗಡೆಯವರು ಅಂತ ಕರೆಯೋಣ. ಶಿರಸಿ ತಾಲೂಕಿನಲ್ಲಿ ಆ ಹೆಸರಿನಿಂದ ಯಾರನ್ನೂ ಗುರುತು ಹಿಡಿಯಲು ಆಗುವುದಿಲ್ಲ, ಅಷ್ಟು ಜನ ಇದ್ದಾರೆ.

55ರ ಆಸುಪಾಸಿನ ವಯಸ್ಸು. ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಎರಡು ದನ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗಳಿಗೆ ಮದುವೆಯಾಗಿದೆ. ಊರಿನಲ್ಲಿ ಯಾರ ಮನೆಯ ಕಾರ್ಯವಿದ್ದರೂ ಇವರು ಮುಂದೆ. ಎರಡು ಹೊತ್ತು ಸಂಧ್ಯಾವಂದನೆ, ದಿನಾ ಪಂಚಾಯತನ ಪೂಜೆ, ಏಕಾದಶಿ ಉಪವಾಸ. ಇಂಥವರು ಆಪ್ತಸಲಹೆಗೆ ತಾವಾಗಿ ಬರುವುದು ಅಪರೂಪ, ಇವರೂ ಬರಲಿಲ್ಲ. ಬಂದದ್ದು ಹೆಂಡತಿ. ಕುಳಿತವರೇ ಹೇಳಿದ್ದು ಒಂದೇ ಮಾತು: "ಯಂಗೆ ಸಾಕಾಗೋಯ್ದು."

ಏನು ಸಾಕಾಯಿತು ಎಂದು ಕೇಳಿದರೆ ಅವರಿಗೆ ದೂರು ಹೇಳಲೂ ಮನಸ್ಸಿಲ್ಲ. ಗಂಡ ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಕೈ ಎತ್ತಿದವರಲ್ಲ. ದೇವರ ಪೂಜೆ ಜಾಸ್ತಿ ಮಾಡುತ್ತಾರೆ ಅಂತ ಯಾರ ಹತ್ತಿರ ಹೇಳುವುದು? ನೆಂಟರ ಹತ್ತಿರ ಹೇಳಿದರೆ "ಪುಣ್ಯ ಮಾಡಿದ್ದೀಯ ಮಾರಾಯ್ತಿ" ಅನ್ನುತ್ತಾರೆ.

ಬಿಡಿಸಿ ಕೇಳಿದಾಗ ಚಿತ್ರ ಸಿಕ್ಕಿತು. ಮೊದಲು ಒಂದು ತಾಸಿನಲ್ಲಿ ಮುಗಿಯುತ್ತಿದ್ದ ಪೂಜೆ ಈಗ ಮಧ್ಯಾಹ್ನದ ತನಕ ಎಳೆಯುತ್ತದೆ. ಬಚ್ಚಲಿನಿಂದ ದೇವರ ಕೋಣೆಗೆ ಹೋಗುವಾಗ ಪಂಚೆಯ ಅಂಚು ಹೊಸಿಲಿಗೆ ತಾಗಿತೋ ಏನೋ ಎಂಬ ಅನುಮಾನ ಬಂದರೆ ತಿರುಗಿ ಸ್ನಾನ. ಗಾಯತ್ರಿ ಜಪದ ಎಣಿಕೆ ತಪ್ಪಿತು ಅನ್ನಿಸಿದರೆ ಮತ್ತೆ ಒಂದರಿಂದ. ನೈವೇದ್ಯಕ್ಕೆ ಇಟ್ಟ ಅನ್ನದ ಮೇಲೆ ಯಾರದ್ದೋ ನೆರಳು ಬಿತ್ತೋ ಅನ್ನಿಸಿದರೆ ಹೆಂಡತಿ ಮತ್ತೆ ಅನ್ನಕ್ಕೆ ಇಡಬೇಕು. "ನೀ ಮುಟ್ಟಿದ್ಯ?" ಎಂಬ ಪ್ರಶ್ನೆ ದಿನಕ್ಕೆ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಇಲ್ಲ ಅಂದರೆ ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ. ಮಳೆಗಾಲದಲ್ಲಿ ಹಂಡೆಗೆ ಎರಡೆರಡು ಸಲ ಬೆಂಕಿ ಹಾಕಿ ಸೌದೆ ಮುಗಿದಿದೆ. ನೀರಿನಲ್ಲೇ ಇದ್ದು ಗಂಡನ ಬೆರಳುಗಳ ಸಂದಿ ಬಿರಿದು ರಕ್ತ ಬರುತ್ತಿದೆ.

ತೋಟಕ್ಕೂ ಪೆಟ್ಟು ಬಿದ್ದಿತ್ತು. ಅಡಿಕೆಗೆ ಕೊಳೆ ರೋಗದ ಔಷಧ ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ಎಲ್ಲರಿಗೂ ಗೊತ್ತಿರುವ ಲೆಕ್ಕ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ, ಅವರು ಬೆಳಿಗ್ಗೆ ಬಂದಾಗ ಯಜಮಾನರು ಪೂಜೆಯಲ್ಲಿ. ಹೊರಗೆ ಬಂದು ಒಂದು ಮಾತು ಹೇಳಿದರೆ ಮಡಿ ಹೋಗುತ್ತದೆ, ಮತ್ತೆ ಸ್ನಾನ. ಕಾದು ಕಾದು ಅವರು ಬೇರೆ ತೋಟಕ್ಕೆ ಹೋದರು. ಎರಡನೇ ಔಷಧ ತಪ್ಪಿತು, ಕೊಳೆ ಬಂತು, ಎಳೆ ಕಾಯಿ ಉದುರಿ ತೋಟದ ತುಂಬ ಬಿತ್ತು. ಊರವರು ಎಲೆಚುಕ್ಕಿ ರೋಗ, ಹವಾಮಾನ ಅಂತೆಲ್ಲ ಮಾತಾಡಿಕೊಂಡರು. ನಿಜವಾದ ಕಾರಣ ಹೆಂಡತಿಗೆ ಗೊತ್ತಿತ್ತು.

ಇದಕ್ಕೆ ಮೊದಲು ಏನೂ ಮಾಡಿರಲಿಲ್ಲ ಅಂತಲ್ಲ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದ್ದರು, ಪಿತೃದೋಷ ಅಂತ ಬಂತು, ಗೋಕರ್ಣಕ್ಕೆ ಹೋಗಿ ನಾರಾಯಣ ಬಲಿ ಮಾಡಿಸಿದರು. ಒಂದು ತಿಂಗಳು ಹಗುರ ಅನ್ನಿಸಿತಂತೆ. ಆಮೇಲೆ ಆ ಕರ್ಮದಲ್ಲೇ ತಪ್ಪಾಗಿರಬಹುದು ಎಂಬ ಹೊಸ ಅನುಮಾನ ಶುರುವಾಯಿತು. ಪರಿಹಾರಕ್ಕೆಂದು ಮಾಡಿದ್ದೇ ಕಾಯಿಲೆಗೆ ಹೊಸ ಮೇವು.

ಹೆಗಡೆಯವರನ್ನು ಕರೆತರಲು ಮಗನ ಸಹಾಯ ಬೇಕಾಯಿತು. "ಕೈ ಬಿರಿದದ್ದಕ್ಕೆ ಡಾಕ್ಟರಿಗೆ ತೋರಿಸೋಣ, ಅಲ್ಲೇ ಒಬ್ಬರ ಹತ್ತಿರ ಮಾತಾಡೋಣ" ಅಂತ ಮುಚ್ಚಿಡದೆ ಹೇಳಿಯೇ ಕರೆತಂದ. ಸುಳ್ಳು ಹೇಳಿ ಕರೆತರಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಂದವರು ಖುರ್ಚಿಯ ತುದಿಯಲ್ಲಿ ಕುಳಿತರು. ತುಂಬ ಮರ್ಯಾದೆಯ ಮನುಷ್ಯ. "ಮೇಡಂ, ನಂಗೆ ಕಾಯಿಲೆ ಎಂತದ್ದೂ ಇಲ್ಲ, ಶ್ರದ್ಧೆ ಕಮ್ಮಿ ಆಗಿದೆ, ಅದಕ್ಕೇ ಹೀಗೆ" ಅಂದರು. ಐದು ತಾಸು ಪೂಜೆ ಮಾಡುವವರು ಶ್ರದ್ಧೆ ಕಮ್ಮಿ ಅನ್ನುತ್ತಿದ್ದಾರೆ! ಇದನ್ನು ಕೇಳಿದಾಗ ನನ್ನ ಅಂದಾಜು ಗಟ್ಟಿಯಾಯಿತು. ಭಕ್ತಿಯಿಂದ ಜಾಸ್ತಿ ಪೂಜೆ ಮಾಡುವವರಿಗೆ ಎದ್ದಾಗ ಒಂದು ತೃಪ್ತಿ ಇರುತ್ತದೆ. ಇವರ ಮುಖದಲ್ಲಿ ಇದ್ದದ್ದು ಭಯ, ಸುಸ್ತು.

ಇಂಥವರ ಹತ್ತಿರ ಒಂದು ಪ್ರಶ್ನೆ ನೇರವಾಗಿ ಕೇಳಲೇಬೇಕು, ಅವರಾಗಿ ಹೇಳುವುದಿಲ್ಲ. "ಪೂಜೆ ಮಾಡುವಾಗ ಬೇಡದ ಯೋಚನೆ ಬರುತ್ತದಾ? ದೇವರಿಗೆ ಬೈಗುಳ, ಹೊಲಸು ಚಿತ್ರ, ಹೇಳಿಕೊಳ್ಳಲು ಆಗದಂಥದ್ದು? ತುಂಬಾ ಜನರಿಗೆ ಬರುತ್ತದೆ, ಅದಕ್ಕೇ ಕೇಳುತ್ತಿದ್ದೇನೆ" ಅಂದೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅತ್ತರು. ಆಯಿ, ಅಂದರೆ ತಾಯಿ, ತೀರಿಕೊಂಡ ವರ್ಷ, ಮಾಸಿಕ ಶ್ರಾದ್ಧ ಮಾಡುವಾಗ ಮೊದಲ ಸಲ ಒಂದು ಕೆಟ್ಟ ಶಬ್ದ ತಲೆಯಲ್ಲಿ ಬಂತಂತೆ. ಅಂದಿನಿಂದ ದೇವಿಯ ಮುಂದೆ ನಿಂತರೆ ಅದೇ. ಅದನ್ನು ತೊಳೆಯಲು ಸ್ನಾನ, ಅಳಿಸಲು ಜಪ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಕೂಡ ಮೊಣಕಾಲು ನೋವು ಅಂತ ನೆವ ಹೇಳಿ ಹೋಗಿರಲಿಲ್ಲ. ಹೆಂಡತಿಗೂ ಇದು ಗೊತ್ತಿರಲಿಲ್ಲ. ಸಾಯುವ ಯೋಚನೆ ಬಂದಿದೆಯಾ ಎಂದೂ ಕೇಳಿದೆ. ಇಲ್ಲ, ಆದರೆ ಬೆಳಗಾಗದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಅಂದರು. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ, ಆ ವಾರವೇ ಮನೋವೈದ್ಯರ ಹತ್ತಿರ ಕಳಿಸಿದೆ. ಟೆಲಿ ಮಾನಸ್ ನಂಬರ್ 14416 ಅನ್ನು ಅವರ ಫೋನಿನಲ್ಲೂ ಮಗನ ಫೋನಿನಲ್ಲೂ ಹಾಕಿಸಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಅದು, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮನೋವೈದ್ಯರು ಹೇಳಿದ್ದು ಒಸಿಡಿ. ಕನ್ನಡದಲ್ಲಿ ಗೀಳು ರೋಗ ಅನ್ನುತ್ತಾರೆ. ನೂರರಲ್ಲಿ ಒಬ್ಬಿಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಬರುವ ಕಾಯಿಲೆ. ಯಾರು ಯಾವುದನ್ನು ಪವಿತ್ರ ಅಂದುಕೊಂಡಿದ್ದಾರೋ ಅದನ್ನೇ ಹಿಡಿದುಕೊಳ್ಳುತ್ತದೆ. ಕರಾವಳಿಯ ಕ್ರೈಸ್ತರಲ್ಲಿ ಇದು ಮತ್ತೆ ಮತ್ತೆ ಪಾಪನಿವೇದನೆಗೆ ಓಡುವುದಾಗಿ ಕಾಣಬಹುದು, ಮುಸಲ್ಮಾನರಲ್ಲಿ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮುಗಿಯದಿರುವುದಾಗಿ. ಯಾವ ಧರ್ಮವೂ ಇದನ್ನು ತರುವುದಿಲ್ಲ, ಧರ್ಮ ಇಲ್ಲದವರಿಗೆ ಗ್ಯಾಸ್ ಆಫ್ ಮಾಡಿದೆನಾ ಎಂಬ ರೂಪದಲ್ಲಿ ಬರುತ್ತದೆ.

ಇನ್ನು ಸಲಹೆ ಕೊಟ್ಟದ್ದು.

ಈ ಕಾಯಿಲೆಗೆ ಮಾತಿನ ಚಿಕಿತ್ಸೆಯ ತಿರುಳು ಸರಳ, ಮಾಡುವುದು ಕಷ್ಟ: ಅನುಮಾನ ಬರಲಿ, ಭಯ ಏರಲಿ, ಆದರೆ ಅದನ್ನು ತೊಳೆಯುವ ಕ್ರಿಯೆ ಮಾಡಬಾರದು. ಕುಳಿತು ಕಾದರೆ ಭಯ ತಾನಾಗಿ ಇಳಿಯುತ್ತದೆ, ಇಳಿಯದೆ ಉಳಿದರೂ ಅದರ ಜೊತೆಗೇ ಮುಂದಿನ ಕೆಲಸ ಮಾಡಬಹುದು ಎಂದು ಮೈಗೆ ಗೊತ್ತಾಗುತ್ತದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ ಇಬ್ಬರು ರೋಗಿಗಳಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಬೆಳೆದು ಬಂದ ದಾರಿ ಇದು. ಆದರೆ ಆಚಾರವಂತರಿಗೆ ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಮಡಿಯನ್ನೇ ಮುರಿಯಿರಿ ಅಂದರೆ ಅವರು ಎರಡನೇ ಸಲ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಾನು ಕೇಳಿದ್ದು ಇಷ್ಟೇ: "ನಿಮ್ಮ ಅಪ್ಪ ದಿನಾ ಎಷ್ಟು ಹೊತ್ತು ಪೂಜೆ ಮಾಡುತ್ತಿದ್ದರು?" ಒಂದು ತಾಸು. "ಅವರ ಪಂಚೆ ಹೊಸಿಲಿಗೆ ತಾಗುತ್ತಿರಲಿಲ್ಲವಾ?" ತಾಗಿರಬಹುದು, ಅವರು ನೋಡುತ್ತಿರಲಿಲ್ಲ. ಸರಿ, ನಮ್ಮ ಗುರಿ ಅಪ್ಪನ ಪೂಜೆ.

(ಮಡಿಯಲ್ಲಿ ಜಾತಿಯ ಲೆಕ್ಕವೂ ಇದೆ, ಕೊನೆಗೌಡರು ತಾಗಿದರೆ ಸ್ನಾನ ಎಂಬುದು ನನಗೆ ಒಪ್ಪಿಗೆಯಿಲ್ಲ, ಅದನ್ನು ಅವರ ಎದುರೇ ಹೇಳಿದ್ದೇನೆ. ಆದರೆ ಕಾಯಿಲೆಯ ವಿಚಾರ ಬೇರೆ, ಆ ಜಗಳವನ್ನು ಚಿಕಿತ್ಸೆಯೊಳಗೆ ತರಲಿಲ್ಲ.)

ಮನೆಯ ಪುರೋಹಿತರನ್ನು ಒಮ್ಮೆ ಕರೆಸಿದೆವು. ಹಿರಿಯರು, ತಿಳಿದವರು. ಪೂಜೆಯ ಕೊನೆಗೆ "ಮಂತ್ರಹೀನಂ ಕ್ರಿಯಾಹೀನಂ" ಅಂತ ಹೇಳಿ ಲೋಪಕ್ಕೆ ಕ್ಷಮೆ ಕೇಳುತ್ತೇವಲ್ಲ, ತಪ್ಪು ಆಗುತ್ತದೆ ಎಂದು ಗೊತ್ತಿದ್ದೇ ಅದನ್ನು ಇಟ್ಟಿದ್ದಾರೆ, ನಿನಗೆ ಮಾತ್ರ ತಪ್ಪೇ ಆಗಬಾರದು ಅಂದರೆ ಹೇಗೋ ಮಾರಾಯ ಅಂದರು. ನಾನು ಹತ್ತು ಸಲ ಹೇಳಿದರೂ ಆಗದ ಕೆಲಸ ಅಲ್ಲಿ ಆಯಿತು. ಆದರೆ ಅವರಿಗೂ ಒಂದು ಕಟ್ಟುಪಾಡು ಹಾಕಿದೆ: ಇದು ಒಂದೇ ಸಲ. ಹೆಗಡೆಯವರು ಮತ್ತೆ ಫೋನ್ ಮಾಡಿ ಇದು ಸರಿಯಾ, ಅದು ಸರಿಯಾ ಎಂದು ಕೇಳಿದರೆ ಉತ್ತರ ಹೇಳಬೇಡಿ. ಯಾಕೆಂದರೆ ಸಮಾಧಾನ ಕೇಳುವುದೂ ಸ್ನಾನದ ಹಾಗೆಯೇ ಒಂದು ಗೀಳಾಗುತ್ತದೆ. ಅವರು ಕೇಳಿದ್ದೂ ಹೌದು, ಪುರೋಹಿತರು ಫೋನ್ ಇಟ್ಟದ್ದೂ ಹೌದು.

ಹೆಂಡತಿಗೆ ಕೊಟ್ಟ ಕೆಲಸ ಎಲ್ಲಕ್ಕಿಂತ ಕಷ್ಟದ್ದು. "ನೀ ಮುಟ್ಟಿದ್ಯ?" ಎಂಬ ಪ್ರಶ್ನೆಗೆ ಇನ್ನು ಮುಂದೆ ಉತ್ತರ ಇಲ್ಲ. "ಇದು ಕಾಯಿಲೆ ಕೇಳುವ ಪ್ರಶ್ನೆ, ನಾನು ಹೇಳುವುದಿಲ್ಲ" ಅಂತ ಸಿಟ್ಟಿಲ್ಲದೆ ಹೇಳಿ ಒಳಗೆ ಹೋಗಬೇಕು. ಅನ್ನ ಒಂದೇ ಸಲ. ಇದನ್ನು ಗಂಡನ ಎದುರೇ, ಅವರ ಒಪ್ಪಿಗೆ ತೆಗೆದುಕೊಂಡೇ ಗೊತ್ತುಮಾಡಿದೆವು. ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಹಠ ಸಾಧಿಸಿದಂತೆ ಆಗುತ್ತದೆ. ಆದರೂ ಮೊದಲ ವಾರ ಒಂದು ದಿನ ಅವರು ಊಟ ಬಿಟ್ಟು ಎದ್ದು ಹೋದರು. ಇವರು ಅಡುಗೆ ಮನೆಯಲ್ಲಿ ಕುಳಿತು ಅತ್ತರು, ಆದರೆ ಮತ್ತೆ ಅನ್ನಕ್ಕೆ ಇಡಲಿಲ್ಲ.

ಅಭ್ಯಾಸ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಸಂಜೆಯ ಕೈ ತೊಳೆಯುವುದು, ಅದು ಸುಲಭ. ಆಮೇಲೆ ಜಪದ ಎಣಿಕೆ ತಪ್ಪಿದರೂ ಮುಂದುವರಿಸುವುದು. ಆಮೇಲೆ ಬೆಳಗಿನ ಒಂದೇ ಸ್ನಾನ. ಕೊನೆಗೆ ದೇವಿಯ ಮುಂದೆ ನಿಂತು ಕೆಟ್ಟ ಶಬ್ದ ಬಂದಾಗ ಅದನ್ನು ಓಡಿಸದೆ, ಅದಕ್ಕೆ ಪ್ರಾಯಶ್ಚಿತ್ತ ಮಾಡದೆ, ಆರತಿ ಮುಗಿಸುವುದು. ಆಯಿಯ ತಿಥಿಯ ವಾರ ಎಲ್ಲ ಹಿಂದೆ ಹೋಯಿತು, ಮೂರು ಮೂರು ಸ್ನಾನ. ಅದು ಹಾಗೆಯೇ, ಎರಡು ವಾರದಲ್ಲಿ ಮತ್ತೆ ದಾರಿಗೆ ಬಂದರು.

ಮಾತ್ರೆಯ ವಿಷಯ ಬೇರೆಯೇ ಕಥೆ. ವೈದ್ಯರು ಕೊಟ್ಟದ್ದು ಕ್ಯಾಪ್ಸೂಲ್. ಅದರ ಹೊರಗಿನ ಕವಚ ಪ್ರಾಣಿಗಳ ಜೆಲಾಟಿನ್‌ನಿಂದ ಮಾಡಿದ್ದು ಎಂದು ಯಾರೋ ಹೇಳಿದರು, ಸುಮ್ನೆ ನಿಲ್ಲಿಸಿಬಿಟ್ಟರು, ಯಾರಿಗೂ ಹೇಳಲಿಲ್ಲ. ಇದನ್ನು ಗೀಳು ಅಂತ ತಳ್ಳಿಹಾಕಲು ಬರುವುದಿಲ್ಲ, ಯಾವ ಸಸ್ಯಾಹಾರಿಗೂ ಬರಬಹುದಾದ ಪ್ರಶ್ನೆ. ಅದೇ ಔಷಧ ಗುಳಿಗೆಯಾಗಿಯೂ ಸಿಗುತ್ತದೆ, ವೈದ್ಯರು ಬದಲಿಸಿಕೊಟ್ಟರು. ಏಕಾದಶಿಗೂ ಬಿಡಬಾರದು ಎಂದು ಹೇಳಿ ಒಪ್ಪಿಸಿದರು. ಈ ಕಾಯಿಲೆಗೆ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಹೇಳಲು ಎಂಟು ಹನ್ನೆರಡು ವಾರ ಬೇಕು. ಎರಡು ವಾರಕ್ಕೇ ಪ್ರಯೋಜನ ಇಲ್ಲ ಎಂದು ಬಿಡುವವರೇ ಜಾಸ್ತಿ. ನಮ್ಮ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಕರಾವಳಿಯವರಿಗೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶಿರಸಿಯಿಂದ ಕಾರವಾರ ನೂರು ಕಿಲೋಮೀಟರಿಗೂ ಜಾಸ್ತಿ, ಘಟ್ಟ ಇಳಿದು ಹೋಗಬೇಕು, ಆದ್ದರಿಂದ ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ.

ಈಗ ಪೂಜೆ ಒಂದೂವರೆ ತಾಸು. ಕೆಟ್ಟ ಶಬ್ದ ಪೂರ್ತಿ ಹೋಗಿಲ್ಲ, ಬಂದರೆ ಬರಲಿ ಅನ್ನುತ್ತಾರೆ. ಈ ವರ್ಷ ಎರಡೂ ಔಷಧ ಹೊತ್ತಿಗೆ ಸರಿಯಾಗಿ ಹೊಡೆಸಿದ್ದಾರೆ. ಹೆಂಡತಿ ಎಂಟು ದಿನ ತವರಿಗೆ ಹೋಗಿ ಬಂದರು, ಎಷ್ಟೋ ವರ್ಷದ ಮೇಲೆ. ಹೋದ ತಿಂಗಳು ಹೆಗಡೆಯವರು ಒಂದು ಕೋರಿಕೆ ತಂದರು: ಏಳು ದಿನದ ಭಾಗವತ ಸಪ್ತಾಹ ಮಾಡಬಹುದಾ, ಕಾಯಿಲೆ ಬರುವ ಮೊದಲು ಪ್ರತಿ ವರ್ಷ ಮಾಡುತ್ತಿದ್ದೆ. ಈ ವರ್ಷ ಬೇಡ ಅಂದೆ. ಒಂದು ದಿನದ ಪಾರಾಯಣ ಮಾಡಿ, ಗಡಿಯಾರ ಎದುರಿಗಿಟ್ಟುಕೊಂಡು, ತಪ್ಪಿದ ಸಾಲನ್ನು ಹಿಂದೆ ಹೋಗಿ ಓದದೆ. ಮುಖ ಸಣ್ಣದಾಯಿತು, ಮುಂದಿನ ವರ್ಷ ಮತ್ತೆ ಕೇಳುತ್ತೇನೆ ಅಂದರು. ಕೇಳಿ ಅಂದೆ.