ನೀಸ್‌ಗೆ ಹೋದರೆ ಹ್ಯಾನ್‌ಬರಿ ತೋಟ ನೋಡದೆ ಬರಬೇಡಿ

ಮೇಡಂ, ಫೆಬ್ರವರಿಯಲ್ಲಿ ಫ್ರಾನ್ಸಿನ ನೀಸ್‌ಗೆ ಮಗಳ ಮನೆಗೆ ಹೋಗುತ್ತಿದ್ದೀರಿ, ಕತ್ತಾಳೆ, ಲೋಳೆಸರ ಜಾತಿ ಎಲ್ಲಿ ನೋಡಬಹುದು ಅಂತ ಕೇಳಿದ್ದಿರಿ. ನಿಮ್ಮ ಗಿಡಗಳು ಮಳೆಗಾಲದಲ್ಲಿ ಕೊಳೆಯುತ್ತವೆ ಅಂತಲೂ ಬರೆದಿದ್ದಿರಿ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಗಡಿ ದಾಟಿದ ಕೂಡಲೇ ಇಟಲಿಯ ಲಾ ಮೊರ್ಟೋಲಾದಲ್ಲಿರುವ ಹ್ಯಾನ್‌ಬರಿ ತೋಟಕ್ಕೆ ಹೋಗಿ. ವೆಂಟಿಮಿಲಿಯಾವರೆಗೆ ರೈಲು, ಅಲ್ಲಿಂದ ಬಸ್ಸು. ಪಾಸ್‌ಪೋರ್ಟ್ ಜೊತೆಗಿರಲಿ.

ಬೆಳಿಗ್ಗೆಯೇ ಹೊರಡಿ. ಗೇಟು ಗುಡ್ಡದ ಮೇಲಿದೆ, 18 ಹೆಕ್ಟೇರ್ ಜಾಗ ಸಮುದ್ರದವರೆಗೂ ಇಳಿಯುತ್ತದೆ. ಇಳಿದಷ್ಟೂ ಹತ್ತಬೇಕು, ಹಾಗಾಗಿ ಒಳ್ಳೆಯ ಶೂ ಬೇಕೇ ಬೇಕು. ಶಾಂಘೈನಲ್ಲಿ ವ್ಯಾಪಾರ ಮಾಡಿದ್ದ ಥಾಮಸ್ ಹ್ಯಾನ್‌ಬರಿ ಎಂಬ ಇಂಗ್ಲಿಷಿನವರು 1867ರಲ್ಲಿ ಇದನ್ನು ಕೊಂಡರು. ನಡುವೆ ಇರುವ ಹಳೇ ಬಂಗಲೆ ಒರೆಂಗೊ ಮನೆತನದ್ದಾಗಿತ್ತು. ಥಾಮಸ್ ಅವರ ಅಣ್ಣ ಡೇನಿಯಲ್ ಔಷಧಿ ಸಸ್ಯಗಳನ್ನು ಚೆನ್ನಾಗಿ ಬಲ್ಲವರು. ಬಿಸಿ ನಾಡಿನ ಯಾವ ಯಾವ ಗಿಡ ಇಲ್ಲಿ ಬದುಕುತ್ತವೆ ಅಂತ ನೆಟ್ಟು ನೋಡುವುದೇ ಇಬ್ಬರ ಆಸೆ. ಈಗ ಜಿನೋವಾ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತಿದೆ.

ಲೋಳೆಸರದ ಹಲವು ಜಾತಿ ಚಳಿಯಲ್ಲೇ ಹೂ ಬಿಡುತ್ತವೆ, ನೀವು ಹೋಗುವ ಸಮಯ ಚೆನ್ನಾಗಿದೆ. ಆದರೆ ಹೂವಿಗಿಂತ ಜಾಸ್ತಿ ಬುಡ ನೋಡಿ, ಮೇಡಂ. ಎಲ್ಲಾ ಇಳಿಜಾರು, ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ನೆಲ. ನೀರು ನಿಲ್ಲುವ ಮಾತೇ ಇಲ್ಲ. ಹಿಂದಿರುವ ಬೆಟ್ಟಗಳು ಉತ್ತರದ ಚಳಿಗಾಳಿ ತಡೆಯುತ್ತವೆ. ಅಲ್ಲಿ ಬೇಸಿಗೆ ಒಣ, ಮಳೆ ಬರುವುದು ತಂಪು ತಿಂಗಳುಗಳಲ್ಲಿ. ನಮ್ಮಲ್ಲಿ ಸೆಕೆ ಇರುವಾಗಲೇ ಮಳೆ ಹೊಡೆಯುತ್ತದೆ, ಬೇರು ಕೊಳೆಯುವುದು ಅದಕ್ಕೇ. ಹಾಗಾಗಿ ಅವರು ಮಾಡಿದ್ದನ್ನೆಲ್ಲ ಮಾಡಲು ಹೋಗಬೇಡಿ, ನೀರು ಬಸಿಯುವ ಬಗೆಯನ್ನು ಮಾತ್ರ ತನ್ನಿ.

ನಾನು ಮೊದಲು ಸಮತಟ್ಟು ನೆಲದಲ್ಲಿ ನೆಟ್ಟು ಒಂದೇ ಮಳೆಗಾಲಕ್ಕೆ ಎಂಟು ಕತ್ತಾಳೆ ಕಳೆದುಕೊಂಡೆ. ತುಂಬಾ ಬೇಜಾರಾಗಿತ್ತು. ಆ ತೋಟ ನೋಡಿ ಬಂದ ಮೇಲೆ ಒಡೆದ ಇಟ್ಟಿಗೆ, ಜಲ್ಲಿ, ಸ್ವಲ್ಪವೇ ಮಣ್ಣು ಹಾಕಿ ಎರಡಡಿ ದಿಬ್ಬ ಮಾಡಿದೆ. ಗಿಡವನ್ನು ತುಸು ಓರೆಯಾಗಿ ನೆಟ್ಟೆ, ಸುಳಿಯಲ್ಲಿ ನೀರು ನಿಲ್ಲಬಾರದು ಅಲ್ವಾ? ಎರಡು ಮಳೆಗಾಲ ದಾಟಿವೆ, ಒಂದೂ ಹೋಗಿಲ್ಲ.

ಇನ್ನೊಂದು ಮಾತು. ಎಷ್ಟೇ ಆಸೆಯಾದರೂ ಅಲ್ಲಿಂದ ಮರಿಯನ್ನಾಗಲಿ ಬೀಜವನ್ನಾಗಲಿ ಬ್ಯಾಗಿಗೆ ಹಾಕಬೇಡಿ. ಪರವಾನಗಿ ಇಲ್ಲದೆ ತಂದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ, ಹೊಸ ರೋಗವೂ ಬರಬಹುದು. ಹೆಸರಿನ ಫಲಕಗಳ ಫೋಟೋ ತೆಗೆದು ತನ್ನಿ, ಇಲ್ಲಿ ಯಾವುದು ಸಿಗುತ್ತದೆ ಅಂತ ಗುಂಪಿನಲ್ಲೇ ಹುಡುಕೋಣ. ನನ್ನ ದಿಬ್ಬದ ಫೋಟೋ ನಾಳೆ ಬೆಳಿಗ್ಗೆ ಹಾಕುತ್ತೇನೆ.